ಆಟದ ನಡುವೆ ಮನಸ್ಸು ಅಲೆಯುವವರನ್ನು ಮೇಜಿಗೆ ಮರಳಿ ಕರೆತರುವುದು ಹೇಗೆ?

ಆಷಾಢದ ಒಂದು ಭಾನುವಾರ. ಶಿರಸಿ ಮತ್ತು ಸಿದ್ದಾಪುರದ ನಡುವಿನ ನಮ್ಮ ಹಳ್ಳಿಮನೆಯ ಮೆತ್ತಿಯ ಮೇಲೆ ಐವರು ಆಟಗಾರರು, ಒಂದು ಹಳೆಯ ಮೇಜು, ಹಂಚಿನ ಮೇಲೆ ಒಂದೇ ಸಮನೆ ಮಳೆ. ಮಿರ್ಜಾನ್ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನೇ ಕಟ್ಟಿದ ಕಥೆ ನಡೆಯುತ್ತಿತ್ತು. ನಮ್ಮ ಆಟದಲ್ಲಿ ನಾನು ಕಥೆ ಹೇಳುತ್ತೇನೆ, ಆಟಗಾರರು ಒಂದೊಂದು ಪಾತ್ರವಾಗಿ ಏನು ಮಾಡುತ್ತೇವೆ ಎನ್ನುತ್ತಾರೆ, ಅದು ಫಲಿಸಿತೇ ಎಂಬುದನ್ನು ದಾಳ ಹೇಳುತ್ತದೆ. ಕಾಳುಮೆಣಸಿನ ಲೆಕ್ಕದ ಕಡತವನ್ನು ಕದ್ದವನ ಬೆನ್ನು ಹತ್ತಿ ಐವರೂ ಕೋಟೆಯೊಳಗಿನ ಬಾವಿಯ ಮೆಟ್ಟಿಲ ಬಳಿಗೆ ಬಂದಿದ್ದರು. ಪಾಚಿ, ಕತ್ತಲು, ಕೆಳಗೆಲ್ಲೋ ಯಾರೋ ಉಸಿರಾಡುವ ಸದ್ದು, ಇವನ್ನೆಲ್ಲ ನಾಲ್ಕು ನಿಮಿಷ ವರ್ಣಿಸಿ, “ಏನು ಮಾಡುತ್ತೀರಿ?” ಎಂದು ಕೇಳಿದೆ. ಒಬ್ಬ ತಲೆ ಎತ್ತಿ, “ನಾವೀಗ ಎಲ್ಲಿದ್ದೇವೆ?” ಎಂದ. ಇನ್ನೊಬ್ಬರು ದಾಳಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮತ್ತೊಬ್ಬ ಸಿಗ್ನಲ್ ಹುಡುಕಿಕೊಂಡು ಕಿಟಕಿಯ ಬಳಿ ನಿಂತಿದ್ದ. ನಾನು ಪುಸ್ತಕ ಮುಚ್ಚಿ, ಎಲ್ಲರೆದುರು ಕಠಿಣವಾಗಿ ಮಾತನಾಡಿ ಆಟವನ್ನು ಅಲ್ಲಿಗೇ ನಿಲ್ಲಿಸಿದೆ.

ಹಾಗೆ ಮಾಡಬಾರದಿತ್ತು. ಮುಂದಿನ ವಾರ ಎಲ್ಲರೂ ಬಂದರು, ಶಿಸ್ತಾಗಿ ಕೂತರು, ಆದರೆ ಬಾಯಿ ಬಿಡಲಿಲ್ಲ. ಬೈಸಿಕೊಂಡವರು ಸುಮ್ಮನಿರುತ್ತಾರೆ, ಅಷ್ಟೇ. ಸುಮ್ಮನಿರುವುದೂ ಗಮನವಿಟ್ಟು ಕೇಳುವುದೂ ಒಂದಲ್ಲ ಎಂದು ನನಗೆ ಅರ್ಥವಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಆ ವರ್ಷದಲ್ಲಿ ಕಲಿತದ್ದನ್ನು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಥವಾ ಅಂಥದೇ ಪಾತ್ರವಹಿಸುವ ಆಟವನ್ನು ನಡೆಸುವವರಿಗಾಗಿ ಬರೆಯುತ್ತಿದ್ದೇನೆ. ಆಟ ನಡೆಸುವವರನ್ನು ಡಂಜನ್ ಮಾಸ್ಟರ್ ಎನ್ನುವುದು ರೂಢಿ. ನಮ್ಮ ಮೆತ್ತಿಯ ಮೇಲೆ ನನ್ನನ್ನು ಭಾಗವತರು ಎನ್ನುತ್ತಾರೆ. ಯಕ್ಷಗಾನದಲ್ಲಿ ಪದ ಹೇಳಿ ಪ್ರಸಂಗ ನಡೆಸುವ ಕೆಲಸಕ್ಕೆ ನಮ್ಮೂರಿನಲ್ಲಿ ಇರುವ ಹೆಸರು ಅದೇ ಅಲ್ಲವೇ?

ಮೊದಲು ಮಾಡಬೇಕಾದದ್ದು, ಆ ಮನಸ್ಸು ಎಲ್ಲಿಗೆ ಹೋಗಿದೆ ಎಂದು ತಿಳಿಯುವುದು. ಗಮನ ಎಂಬುದು ಇಲ್ಲವಾಗುವುದಿಲ್ಲ, ಬೇರೆ ಎಲ್ಲೋ ಇರುತ್ತದೆ. ಅದನ್ನು ಎಲ್ಲರ ಮುಂದೆ ಕೇಳಬೇಡಿ. ನಾನು ಒಬ್ಬೊಬ್ಬರನ್ನೇ ಬೇರೆ ದಿನ ಮಾತನಾಡಿಸಿದೆ. “ನೀನೇಕೆ ಕೇಳುವುದಿಲ್ಲ?” ಎಂದು ಕೇಳದೆ, “ಕಳೆದ ಸಲ ನಿನಗೆ ಯಾವ ಹೊತ್ತು ಚೆನ್ನಾಗಿತ್ತು, ಯಾವ ಹೊತ್ತು ಬೇಸರವಾಯಿತು?” ಎಂದು ಕೇಳಿದೆ. ಐವರೂ ಐದು ಬಗೆಯ ಉತ್ತರ ಕೊಟ್ಟರು.

“ನಾವೀಗ ಎಲ್ಲಿದ್ದೇವೆ?” ಎಂದವನು ಕಾರವಾರದ ಬಂದರಿನಲ್ಲಿ ಕೆಲಸ ಮಾಡುತ್ತಾನೆ. ಬೆಳಗಿನ ಬಸ್ಸಿನಲ್ಲಿ ಹೊರಟು, ಕುಮಟಾದಲ್ಲಿ ಬಸ್ಸು ಬದಲಿಸಿ, ದೇವಿಮನೆ ಘಟ್ಟ ಹತ್ತಿ ಬರುವವನು. ಊಟ ಮಾಡಿದ ಕೂಡಲೇ ಆಟಕ್ಕೆ ಕೂರಿಸಿದರೆ ಅವನ ಕಣ್ಣು ಎಳೆಯದೆ ಇರುತ್ತದೆಯೇ? ಅವನಿಗೆ ಬೇಕಾದದ್ದು ಉಪದೇಶವಲ್ಲ, ಅರ್ಧ ಗಂಟೆ ಕಣ್ಣು ಮುಚ್ಚಲು ಒಂದು ಚಾಪೆ. ಈಗ ಅವನು ಬಂದ ಕೂಡಲೇ ಜಗುಲಿಯಲ್ಲಿ ಮಲಗುತ್ತಾನೆ. ಆಟ ಮೂರು ಗಂಟೆಗೆ, ಕಷಾಯ ಕುಡಿದ ಮೇಲೆ. ಕಿಟಕಿಯ ಬಳಿ ನಿಂತವನು ನನ್ನ ಮೈದುನ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನಾಳೆಯ ರಾಶಿ ಅಡಿಕೆಯ ದರ ಏನಾದೀತು, ಚಾಲಿ ಅಡಿಕೆಯದು ಏರೀತೇ ಎಂಬ ಸಂದೇಶಗಳು ಅವನ ಮೊಬೈಲಿಗೆ ಭಾನುವಾರವೂ ಬರುತ್ತಲೇ ಇರುತ್ತವೆ. ಪಿಯುಸಿ ಓದುವ ಹುಡುಗಿ ಹೇಳಿದ್ದು ನನ್ನನ್ನು ಬಹಳ ಕಾಡಿತು: “ನಾನು ಏನು ಹೇಳಿದರೂ ಅಷ್ಟರಲ್ಲಿ ದೊಡ್ಡವರು ಯಾರಾದರೂ ಇನ್ನೊಂದು ಹೇಳಿರುತ್ತಾರೆ ಅತ್ತೆ. ಅದಕ್ಕೇ ಚಿತ್ರ ಬಿಡಿಸುತ್ತ ಕೂರುತ್ತೇನೆ.” ಅವಳಿಗೆ ಗಮನದ ಕೊರತೆ ಇರಲಿಲ್ಲ. ಮಾತಿಗೆ ಜಾಗವಿರಲಿಲ್ಲ, ಆ ಜಾಗ ಮಾಡಿಕೊಡಬೇಕಾದವಳು ನಾನು. ದಾಳ ಪೇರಿಸುತ್ತಿದ್ದ ಮೇಷ್ಟರು, “ನನ್ನ ಪಾತ್ರಕ್ಕೆ ಈ ಕಡತದಿಂದ ಏನಾಗಬೇಕು ಎಂಬುದೇ ತಿಳಿಯುತ್ತಿಲ್ಲ” ಎಂದರು. ಮುಂದಿನ ವಾರದ ಕಥೆಯಲ್ಲಿ ಆ ಕಡತದ ಮೂರನೆಯ ಹಾಳೆಯಲ್ಲಿ ಅವರ ಪಾತ್ರದ ತಂದೆ ಮಾಡಿದ್ದ ಸಾಲ ಕಾಣಿಸಿಕೊಂಡಿತು. ದಾಳದ ಗೋಪುರ ಆಮೇಲೆ ಏಳಲಿಲ್ಲ.

ಐದನೆಯವರು ಪಕ್ಕದ ಮನೆಯ ಅಕ್ಕ. ಅವರ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೊಯ್ಲಿನ ದಿನಗಳಲ್ಲಿ ನಮ್ಮ ಕಡೆ ಅಡಿಕೆ ಸುಲಿಯುವ ಕೆಲಸಕ್ಕೆ ಭಾನುವಾರ ಎಂಬುದಿಲ್ಲ. ಅಕ್ಕ ಒಂದು ಬುಟ್ಟಿ ಅಡಿಕೆಯನ್ನೂ ಮೆಟ್ಟುಗತ್ತಿಯನ್ನೂ ತಂದು ಮೇಜಿನ ಪಕ್ಕದಲ್ಲೇ ಸುಲಿಯುತ್ತ ಕೂರುತ್ತಿದ್ದರು. ನನಗೆ ಅದು ಅಸಡ್ಡೆ ಎನಿಸಿತ್ತು. ಒಂದು ದಿನ ಪರೀಕ್ಷಿಸಿಯೇ ಬಿಡೋಣ ಎಂದು, ಎರಡು ವಾರದ ಹಿಂದೆ ಕಥೆಯಲ್ಲಿ ಸೋಂದೆಯ ಮಠದ ದಾರಿಯಲ್ಲಿ ಸಿಕ್ಕಿದ ಮುದುಕ ಏನು ಹೇಳಿದ್ದ ಎಂದು ಎಲ್ಲರನ್ನೂ ಕೇಳಿದೆ. ಕೈಕಟ್ಟಿ ಕೂತಿದ್ದ ನಾಲ್ವರಿಗೂ ನೆನಪಿರಲಿಲ್ಲ. ಅಕ್ಕ ಕತ್ತಿಯಿಂದ ಕಣ್ಣು ತೆಗೆಯದೆ, ಮುದುಕ ಆಡಿದ ಮಾತನ್ನಷ್ಟೇ ಅಲ್ಲ, ಅವನ ಎಡಗೈಯಲ್ಲಿ ಉಂಗುರದ ಗುರುತು ಮಾತ್ರ ಇತ್ತು, ಉಂಗುರ ಇರಲಿಲ್ಲ ಎಂಬುದನ್ನೂ ಹೇಳಿದರು. ಅವರ ಕೈಗೆ ಕೆಲಸವಿತ್ತು, ಕಿವಿ ಪೂರ್ತಿ ನಮ್ಮದಾಗಿತ್ತು. ಆದ್ದರಿಂದ ಕೈಯಾಡಿಸುವವರನ್ನು ತಡೆಯಬೇಡಿ. ಚಿತ್ರ ಬಿಡಿಸಲಿ, ಹೂ ಕಟ್ಟಲಿ, ಹೊಲಿಯಲಿ. ಆದರೆ ಮೊಬೈಲಿನಲ್ಲಿ ಓದುವುದು ಬೇರೆ ಸಂಗತಿ. ಅದು ಮಾತನ್ನೇ ಬೇಡುವ ಕೆಲಸ, ಒಂದು ಮಾತನ್ನು ಓದುತ್ತ ಇನ್ನೊಂದನ್ನು ಕೇಳುವುದು ಯಾರಿಂದಲೂ ಆಗದು.

ಮೊಬೈಲಿಗೆ ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಐವತ್ತು ನಿಮಿಷಕ್ಕೊಮ್ಮೆ ಹತ್ತು ನಿಮಿಷದ ಕವಳದ ಬಿಡುವು. ಕವಳ ಹಾಕುವವರು ಹಾಕುತ್ತಾರೆ, ಉಳಿದವರು ಸಿಗ್ನಲ್ ಸಿಗುವ ಅಂಗಳದ ಮೂಲೆಗೆ ಹೋಗಿ ಬರುತ್ತಾರೆ. ಬಿಡುವು ಇಷ್ಟು ಹೊತ್ತಿಗೆ ಬರುತ್ತದೆ ಎಂಬ ಭರವಸೆ ಇದ್ದರೆ ಮೈದುನನೂ ಮೊಬೈಲನ್ನು ಬೆತ್ತದ ಬುಟ್ಟಿಗೆ ಹಾಕುತ್ತಾನೆ. ಮನೆಯಲ್ಲಿ ಕಾಯಿಲೆಯವರು, ಎಳೆಯ ಮಕ್ಕಳು ಇರುವವರಿಗೆ ಈ ಕಟ್ಟುಪಾಡು ಬೇಡ.

ಇನ್ನು ಕಾಳಗದ ಹೊತ್ತು. ಅತಿ ಹೆಚ್ಚು ಜನರ ಮನಸ್ಸು ಅಲೆಯುವುದು ಇಲ್ಲಿಯೇ, ಮತ್ತು ಇದಕ್ಕೆ ಕಾರಣ ಬರೀ ಲೆಕ್ಕ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಈಗಿನ ನಿಯಮಗಳಲ್ಲಿ ಕಾಳಗದ ಒಂದು ಸುತ್ತು ಎಂದರೆ ಕಥೆಯೊಳಗೆ ಆರೇ ಸೆಕೆಂಡು. ಮೇಜಿನ ಮೇಲೆ? ಐವರು ಆಟಗಾರರು ತಲಾ ನಾಲ್ಕು ನಿಮಿಷ, ನನ್ನ ರಾಕ್ಷಸರಿಗೆಲ್ಲ ಸೇರಿ ಆರು ನಿಮಿಷ ಎಂದುಕೊಳ್ಳಿ. ಒಬ್ಬರ ಸರದಿ ಮುಗಿದು ಮತ್ತೆ ಬರುವ ಹೊತ್ತಿಗೆ ಇಪ್ಪತ್ತೆರಡು ನಿಮಿಷ ಕಳೆದಿರುತ್ತದೆ. ಅಷ್ಟು ಹೊತ್ತು ಸುಮ್ಮನೆ ಕಾಯುವವರ ಮನಸ್ಸು ಅಲೆದರೆ ಅದು ಅವರ ತಪ್ಪು ಎನ್ನಲು ನಾನು ಒಪ್ಪುವುದಿಲ್ಲ.

ಆದ್ದರಿಂದ ಸರದಿಯನ್ನು ಚಿಕ್ಕದು ಮಾಡಬೇಕು. ಇಪ್ಪತ್ತು ಮುಖದ ದಾಳ ಎಸೆದು, ಏಟು ತಗುಲಿತೇ ಎಂದು ನೋಡಿ, ಆಮೇಲೆ ಪೆಟ್ಟು ಎಷ್ಟು ಎಂದು ಹೇಳುವ ದಾಳ ಹುಡುಕುವ ಬದಲು ಎರಡನ್ನೂ ಒಟ್ಟಿಗೇ ಎಸೆಯಲು ಹೇಳಿ. ರಾಕ್ಷಸರ ವಿವರದಲ್ಲಿ ಪೆಟ್ಟಿನ ಸರಾಸರಿಯನ್ನು ಮೊದಲೇ ಅಚ್ಚು ಮಾಡಿರುತ್ತಾರೆ. ಆರು ಮುಖದ ಒಂದು ದಾಳಕ್ಕೆ ಎರಡು ಕೂಡಿಸಬೇಕಾದಲ್ಲಿ 5 ಎಂದು ಕೊಟ್ಟಿರುತ್ತಾರೆ. ಆ 5ನ್ನೇ ಬಳಸಿ. ನಾನು ನನ್ನ ಸರದಿಯಲ್ಲಿ ದಾಳ ಎಸೆಯುವುದನ್ನು ಅರ್ಧಕ್ಕೆ ಇಳಿಸಿದ ಮೇಲೆ ಕಾಳಗದ ಓಟವೇ ಬದಲಾಯಿತು. ಸರದಿಯ ಕ್ರಮ ನನ್ನ ಪುಸ್ತಕದೊಳಗೆ ಅಡಗಿರಬಾರದು. ನಮ್ಮಲ್ಲಿ ಎರಡು ಕಂಬಗಳ ನಡುವೆ ಹುರಿ ಕಟ್ಟಿ, ಬಟ್ಟೆಯ ಕ್ಲಿಪ್ಪಿನಲ್ಲಿ ಪ್ರತಿ ಪಾತ್ರದ ಹೆಸರನ್ನು ಸಾಲಾಗಿ ತೂಗುಹಾಕುತ್ತೇವೆ. ಸರದಿ ಕರೆಯುವಾಗ ಎರಡು ಹೆಸರು ಕರೆಯುತ್ತೇನೆ, ಈಗ ಆಡುವವರದು ಮತ್ತು ಮುಂದೆ ಆಡುವವರದು. ಎರಡನೆಯ ಹೆಸರು ಕಿವಿಗೆ ಬಿದ್ದ ಕೂಡಲೇ ಆ ವ್ಯಕ್ತಿ ನೆಟ್ಟಗೆ ಕೂರುವುದನ್ನು ನೀವೇ ನೋಡುತ್ತೀರಿ.

ಸರದಿ ಇಲ್ಲದವರಿಗೂ ಕೆಲಸ ಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಅದರ ಆರಂಭದ ವರ್ಷಗಳಲ್ಲಿ, ಗುಂಪಿನ ಪರವಾಗಿ ಮಾತನಾಡುವ ಒಬ್ಬರು, ನಕ್ಷೆ ಬರೆಯುವ ಒಬ್ಬರು ಇರುತ್ತಿದ್ದರು. ಆ ಪದ್ಧತಿಯಲ್ಲಿ ನಕ್ಷೆ ಬರೆಯುವುದನ್ನು ನಾನು ಮರಳಿ ತಂದೆ. ಚಿತ್ರ ಬಿಡಿಸುತ್ತಿದ್ದ ಹುಡುಗಿಯೇ ನಮ್ಮ ನಕ್ಷೆಗಾರ್ತಿ. ನಾನು “ಎಡಕ್ಕೆ ಇಪ್ಪತ್ತು ಹೆಜ್ಜೆ, ಅಲ್ಲಿಂದ ಇಳಿಜಾರು” ಎಂದರೆ ಎಲ್ಲರೂ ಅವಳ ಹಾಳೆಯತ್ತ ಬಾಗುತ್ತಾರೆ. ಅವಳು “ತಡೆಯಿರಿ, ಈ ಗೋಡೆಯ ಹಿಂದೆ ಜಾಗ ಉಳಿದಿದೆ” ಎಂದರೆ ದೊಡ್ಡವರೂ ಬಾಯಿ ಮುಚ್ಚಿ ಕೇಳುತ್ತಾರೆ. ಹುರಿಯ ಮೇಲಿನ ಕ್ಲಿಪ್ಪುಗಳನ್ನು ಸರಿಸುವುದು ಮೈದುನನ ಪಾಲಿಗೆ. ನೆರವಿನ ನಿಯಮವನ್ನೂ ಎಲ್ಲರಿಗೂ ಕಲಿಸಿ: ಒಬ್ಬರ ಪಾತ್ರ ಇನ್ನೊಬ್ಬರಿಗೆ ನೆರವಾದರೆ, ನೆರವು ಪಡೆದವರು ಇಪ್ಪತ್ತು ಮುಖದ ಎರಡು ದಾಳ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ನೆರವಾಗಬೇಕಾದರೆ ಪಕ್ಕದವರು ಏನು ಮಾಡಹೊರಟಿದ್ದಾರೆ ಎಂದು ಕೇಳಿಸಿಕೊಳ್ಳಲೇಬೇಕು.

ನನಗೆ ಅತಿ ದೊಡ್ಡ ಪಾಠ ಸಿಕ್ಕಿದ್ದು ಮಾವನವರಿಂದ. ಅವರು ಬಹುಕಾಲ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು. ಯಕ್ಷಗಾನದ ವೇಷ, ಕುಣಿತ ಯಾವುದೂ ಇಲ್ಲದೆ, ಕೂತಲ್ಲೇ ಪಾತ್ರವಾಗಿ ಆ ಕ್ಷಣಕ್ಕೆ ಹುಟ್ಟುವ ಮಾತನ್ನು ಆಡುವ ಕಲೆ ಅದು. ನಮ್ಮ ಆಟಕ್ಕೆ ಅದಕ್ಕಿಂತ ಹತ್ತಿರದ ಬಂಧು ನನಗೆ ಕಾಣದು. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ನಮ್ಮ ಆಟ ನೋಡಿದ ಮಾವ ಹೇಳಿದರು: “ತಂಗೀ, ಇವರೆಲ್ಲ ತಮ್ಮ ಮಾತನ್ನು ಮನೆಯಿಂದ ಕಟ್ಟಿಕೊಂಡು ಬಂದಿದ್ದಾರೆ. ವಾಲಿ ಏನು ಕೇಳಿದ ಎಂದು ಕೇಳಿಸಿಕೊಳ್ಳದ ರಾಮ ಏನು ಉತ್ತರ ಕೊಟ್ಟಾನು? ಎದುರಿನವನ ಮಾತಿನ ತುದಿಯಿಂದ ನಿನ್ನ ಮಾತು ಹುಟ್ಟಬೇಕು.”

ಅಂದಿನಿಂದ ನಮ್ಮ ಮೇಜಿನಲ್ಲಿ ಒಂದು ರೂಢಿ ಬೆಳೆಯಿತು. ಸರದಿ ಬಂದವರು ತಮ್ಮ ಹಿಂದಿನವರು ಮಾಡಿದ್ದನ್ನು ಹಿಡಿದುಕೊಂಡೇ ಮಾತು ಆರಂಭಿಸಬೇಕು. “ಅಕ್ಕ ದೀಪ ಆರಿಸಿದ್ದರಿಂದ ನಾನು ಕತ್ತಲಲ್ಲಿ ಕಂಬದ ಹಿಂದೆ ಸರಿಯುತ್ತೇನೆ” ಎಂಬಂತೆ. ಮೊದಲ ಕೆಲವು ವಾರ ತಡವರಿಸಿದರು, ನಾನು ನೆನಪಿಸಬೇಕಾಯಿತು. ನೆನಪಿಸುವಾಗಲೂ ಬೈಯಲಿಲ್ಲ, “ಹಿಂದಿನವರು ಏನು ಮಾಡಿದರು?” ಎಂದಷ್ಟೇ ಕೇಳಿ ಕಾಯುತ್ತಿದ್ದೆ. ತಿಳಿಯದಿದ್ದರೆ ಹಿಂದಿನವರೇ ಒಂದು ವಾಕ್ಯದಲ್ಲಿ ಮತ್ತೆ ಹೇಳುತ್ತಿದ್ದರು. ಈಗ ಅದು ತಾನಾಗಿಯೇ ನಡೆಯುತ್ತದೆ. ಕಾರವಾರದವನು ಇದರಲ್ಲಿ ಎಲ್ಲರಿಗಿಂತ ಮುಂದೆ.

ಮಾವ ಇನ್ನೊಂದು ಮಾತನ್ನೂ ಹೇಳಿದರು, ಅದು ನನಗಾಗಿ: “ಭಾಗವತರ ಪದ ಉದ್ದವಾದರೆ ಅರ್ಥಧಾರಿಗೆ ನಿದ್ದೆ ಬರುತ್ತದೆ.” ಬಾವಿಯ ಮೆಟ್ಟಿಲ ಆ ನಾಲ್ಕು ನಿಮಿಷದ ವರ್ಣನೆ ನೆನಪಾಯಿತು. ಈಗ ಯಾವ ಜಾಗಕ್ಕೂ ಮೂರು ವಾಕ್ಯ: ಕಣ್ಣಿಗೆ ಬೀಳುವುದು ಒಂದು, ಕಿವಿಗೋ ಮೂಗಿಗೋ ಬರುವುದು ಒಂದು, ಕೈ ಹಾಕಬಹುದಾದ್ದು ಒಂದು. ಯಾಣದ ಬಂಡೆಯಾದರೆ ಹೀಗೆ: “ಕಪ್ಪು ಕಲ್ಲು ಆಕಾಶಕ್ಕೆ ಎದ್ದು ನಿಂತಿದೆ. ಮೇಲೆಲ್ಲೋ ಜೇನಿನ ಗುಂಯ್‌ಗುಡುವಿಕೆ. ಸೀಳಿನಲ್ಲಿ ಒಂದು ಹಗ್ಗ ಇಳಿಬಿದ್ದಿದೆ.” ಅಷ್ಟು ಹೇಳಿ ನಿಲ್ಲಿಸಿ. ಉಳಿದದ್ದನ್ನು ಅವರೇ ಕೇಳುತ್ತಾರೆ, ಕೇಳುವವರ ಮನಸ್ಸು ಅಲೆಯುವುದಿಲ್ಲ. ದೃಶ್ಯ ಬದಲಾಗುವಾಗ ಮಾವನ ಹಳೆಯ ತಾಳವನ್ನು ಒಮ್ಮೆ ತಟ್ಟುತ್ತೇನೆ. “ಕೇಳಿ, ಕೇಳಿ” ಎಂದು ಕೂಗುವುದಕ್ಕಿಂತ ಆ ಒಂದು ನಾದ ಹೆಚ್ಚು ಕೆಲಸ ಮಾಡುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಈ ಆಟ ಹಿಡಿಸದೆ ಇರಬಹುದು. ಆ ಐವರಿಗಿಂತ ಮೊದಲು ನಮ್ಮಲ್ಲಿ ಒಬ್ಬರಿದ್ದರು, ಸ್ನೇಹಕ್ಕಾಗಿ ಬರುತ್ತಿದ್ದರು, ಆಟದ ನಡುವೆ ಊರ ಸುದ್ದಿ ತೆಗೆಯುತ್ತಿದ್ದರು. ಅವರನ್ನು ಒಂದು ದಿನ ತೋಟದ ಕಡೆ ನಡೆಯುತ್ತ ಕೇಳಿದೆ: “ಆಟ ನಿಮಗೆ ಬೇಕೋ, ನಾವು ಬೇಕೋ?” ಅವರು ಪ್ರಾಮಾಣಿಕವಾಗಿ “ನೀವು” ಎಂದರು. ಈಗ ಅವರು ಆಟ ಮುಗಿಯುವ ಆರೂವರೆಗೆ ಬರುತ್ತಾರೆ, ಎಲ್ಲರೂ ಒಟ್ಟಿಗೆ ಅವಲಕ್ಕಿ, ಹಲಸಿನ ಹಪ್ಪಳ ತಿಂದು ಹರಟುತ್ತೇವೆ. ಹೀಗೆ ಬಿಡಿಸಿ ಮಾತನಾಡುವುದನ್ನು ಮುಂದೂಡಬೇಡಿ. ನಾನು ಎಂಟು ತಿಂಗಳು ಮುಂದೂಡಿ, ಅವರ ಮೇಲೆ ಒಳಗೊಳಗೇ ಸಿಟ್ಟು ಬೆಳೆಸಿಕೊಂಡೆ. ಅದು ಅವರಿಗೆ ಮಾಡಿದ ಅನ್ಯಾಯ.

ಹೊಸ ಕಥೆ ಆರಂಭಿಸುವ ಮುನ್ನ ಒಂದು ದಿನ ಆಟವಾಡದೆ ಕೂತು ಮಾತನಾಡಿಕೊಳ್ಳಿ. ಕಾಳಗ ಎಷ್ಟಿರಬೇಕು, ಮಾತು ಎಷ್ಟಿರಬೇಕು, ಎಷ್ಟು ಗಂಟೆಗೆ ಏಳಬೇಕು, ಯಾವ ತಿಂಗಳು ಆಟ ಬೇಡ. ನಮ್ಮಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮಾತ್ರ ಆಟ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯ ದಿನಗಳಲ್ಲಿ ಆಟವೇ ಇಲ್ಲ. ಯಾರ ಮನಸ್ಸೂ ಮೇಜಿನ ಬಳಿ ಇರಲಾರದ ದಿನಗಳನ್ನು ಮೊದಲೇ ಬಿಟ್ಟುಬಿಡುವುದು ಎಲ್ಲರಿಗೂ ಹಿತ.

ಪ್ರತಿ ಭಾನುವಾರ ಕೊನೆಯ ಹತ್ತು ನಿಮಿಷವನ್ನು ಒಂದೇ ಪ್ರಶ್ನೆಗೆ ಇಡುತ್ತೇನೆ: ಮುಂದಿನ ಸಲ ನಿಮ್ಮ ಪಾತ್ರ ಮೊದಲು ಏನು ಮಾಡಬೇಕು ಎಂದುಕೊಂಡಿದೆ? ಪಿಯುಸಿ ಹುಡುಗಿಯಿಂದ ಆರಂಭಿಸಿ, ದೊಡ್ಡವರು ಆಮೇಲೆ. ಐದು ಉತ್ತರಗಳನ್ನೂ ಅವರ ಮಾತಿನಲ್ಲೇ ಬರೆದುಕೊಂಡು, ವಾರವಿಡೀ ಕಥೆ ಕಟ್ಟುವಾಗ ಆ ಹಾಳೆಯನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ. ಈ ವಾರದ ಹಾಳೆಯಲ್ಲಿ ಅವಳ ಮಾತು ಹೀಗಿದೆ: “ನನ್ನ ನಕ್ಷೆಯಲ್ಲಿ ಬಾವಿಯ ಕೆಳಗೆ ಏನೂ ಬರೆದಿಲ್ಲ. ಅಲ್ಲಿಗೆ ಇಳಿಯಬೇಕು.”