ರಾತ್ರಿ ತಾಪಮಾನ ಏರಿದರೆ ಮೊದಲು ಗಾಳಿ ಗಮನಿಸಿ
ಬೇಸಿಗೆಯ ಸಂಜೆ ಇಳಿಯುತ್ತಿದ್ದ ತಾಪಮಾನ ಕತ್ತಲಾದ ಮೇಲೆ 2–3 ಡಿಗ್ರಿ ಏರಿದರೆ ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆಕಾಶ ಶುಭ್ರವಾಗಿದ್ದು ಗಾಳಿ ನಿಂತಾಗ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯ ಪದರವೂ ತಂಪಾಗುತ್ತದೆ, ಆದರೆ ಅದರ ಮೇಲಿನ ಗಾಳಿ ಬೆಚ್ಚಗೇ ಉಳಿದಿರುತ್ತದೆ. ಮತ್ತೆ ಗಾಳಿ ಬೀಸಿದೊಡನೆ ಎರಡೂ ಬೆರೆತು ಕೆಳಗೆ ಬಿಸಿ ಏರುತ್ತದೆ. ತಗ್ಗು ಜಾಗದಲ್ಲಿ ಇದು ಹೆಚ್ಚು ಎದ್ದು ಕಾಣುತ್ತದೆ.

5 ನಿಮಿಷಕ್ಕೊಮ್ಮೆ ತಾಪಮಾನ, ಗಾಳಿಯ ವೇಗ, ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗತೊಡಗುವ ತಾಪಮಾನ) ಮೂರನ್ನೂ ಬರೆದಿಡಿ. ಗಾಳಿ ಹೆಚ್ಚಿ ಇಬ್ಬನಿ ಬಿಂದು ಇಳಿದಿದ್ದರೆ ಮೇಲಿನ ಒಣಗಾಳಿ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಸಾಪೇಕ್ಷ ಆರ್ದ್ರತೆಯೊಂದನ್ನೇ (ಆ ತಾಪಮಾನದಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಶೇಕಡಾ ಎಷ್ಟು ಇದೆ ಎಂಬ ಲೆಕ್ಕ) ನಂಬಬೇಡಿ, ಬರೀ ಬಿಸಿ ಏರಿದರೂ ಅದು ಇಳಿಯುತ್ತದೆ. ಗಾಳಿಯೇ ಇಲ್ಲದೆ ಏರಿದ್ದರೆ ಮೋಡ ಕವಿದಿದೆಯೇ ನೋಡಿ. ಅದೂ ಇಲ್ಲವಾದರೆ ಹಗಲಿನ ಶಾಖ ಬಿಡುತ್ತಿರುವ ಪಕ್ಕದ ಗೋಡೆಯನ್ನು ಅನುಮಾನಿಸಿ. ಸೆನ್ಸರ್ ನೆಲದಿಂದ 1.25–2 ಮೀಟರ್ ಎತ್ತರದಲ್ಲಿ, ಕಾಂಕ್ರೀಟಿನಿಂದ ದೂರ ಇರಲಿ.