ಟ್ರೈಲೋಬೈಟ್‌ನ ಕಣ್ಣು ಬಿಡಿಸಿದ್ದು

ಬೆಂಗಳೂರಿನ ನೆಲವನ್ನು ಎಷ್ಟು ಅಗೆದರೂ ಟ್ರೈಲೋಬೈಟ್, ಅಂದರೆ ಅಳಿದುಹೋದ ಚಿಪ್ಪಿನ ಸಮುದ್ರಜೀವಿಯ ಪಳೆಯುಳಿಕೆ, ಸಿಗುವುದಿಲ್ಲ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಈ ಸಮುದ್ರಜೀವಿಗಳು ಕಾಣಿಸಿಕೊಂಡದ್ದೇ 52 ಕೋಟಿ ವರ್ಷಗಳ ಹಿಂದೆ. ಹಾಗಾಗಿ ಬಸವನಗುಡಿಯ ನಮ್ಮ ಮನೆಯಲ್ಲಿ ನಾನು ಕೆತ್ತಿ ಜೀವಿಯನ್ನು ಬಿಡಿಸಿದ್ದು ಗೆಳೆಯರು ಕೊಟ್ಟ ಮೊರಾಕ್ಕೊದ ಕಲ್ಲಿನಿಂದ. ಸುಮಾರು 40 ಕೋಟಿ ವರ್ಷ ಹಿಂದಿನ ಡೆವೋನಿಯನ್ ಕಾಲದ ಸುಣ್ಣಕಲ್ಲು, ಒಳಗೆ ಫ್ಯಾಕಾಪ್ಸ್ ಎಂಬ ಟ್ರೈಲೋಬೈಟ್ ಬಳಗದ ಜೀವಿ. ಬೆನ್ನಿನ ಸ್ವಲ್ಪ ಭಾಗ ಮಾತ್ರ ಹೊರಗೆ ಕಾಣುತ್ತಿತ್ತು.

ಮೊದಲು ಅಸಲಿಯೋ ನಕಲಿಯೋ ನೋಡಿದೆ. ರಾಳದಲ್ಲಿ ಅಚ್ಚು ಹೊಯ್ದ ಮಾಲೂ ಮಾರಾಟಕ್ಕೆ ಬರುತ್ತದೆ. ಭೂತಗನ್ನಡಿಯಲ್ಲಿ ಸಣ್ಣ ಗಾಳಿಗುಳ್ಳೆಗಳು ಕಂಡರೆ ಅನುಮಾನ ಪಡಬೇಕು. ನನ್ನ ಕಲ್ಲಿನಲ್ಲಿ ಬಿಳಿ ಕ್ಯಾಲ್ಸೈಟ್ (ಸುಣ್ಣಕಲ್ಲಿನ ಮುಖ್ಯ ಖನಿಜ) ಗೆರೆಯೊಂದು ಕಲ್ಲಿನಿಂದ ಚಿಪ್ಪನ್ನೂ ಸೀಳಿಕೊಂಡು ಹಾದಿತ್ತು. ಅಂಟಿಸಿದ ಅಚ್ಚಿನಲ್ಲಿ ಹೀಗೆ ಇರುವುದಿಲ್ಲ. ಧೈರ್ಯ ಬಂತು.

ಸುಣ್ಣಕಲ್ಲು ತಾನೇ, ವಿನೆಗರ್‌ನಲ್ಲಿ ನೆನೆಹಾಕಬಾರದೇ ಎಂದು ಹಲವರು ಕೇಳುತ್ತಾರೆ. ದಯವಿಟ್ಟು ಬೇಡ. ಟ್ರೈಲೋಬೈಟ್‌ನ ಚಿಪ್ಪು ಕ್ಯಾಲ್ಸೈಟ್, ಕಣ್ಣಿನ ಮಸೂರಗಳೂ ಕ್ಯಾಲ್ಸೈಟ್. ಕಲ್ಲಿನ ಜೊತೆ ಅವೂ ಕರಗಿಹೋಗುತ್ತವೆ. ಸೂಜಿಯೇ ಗತಿ.

ಎಸ್‌ಪಿ ರೋಡಿನಲ್ಲಿ ಪಿನ್ ವೈಸ್ (ಸೂಜಿ ಕಚ್ಚಿಹಿಡಿಯುವ ಪುಟ್ಟ ಹಿಡಿ) ಮತ್ತು ಕೆತ್ತುವ ಪೆನ್ ತಂದೆ. ಪೆನ್ನು ದೂರದ ಕಲ್ಲು ಕಡಿಯಲು ಮಾತ್ರ. ಚಿಪ್ಪಿನ ಹತ್ತಿರ ಬಂದ ಮೇಲೆ ಬರೀ ಸೂಜಿ, ಪಕ್ಕದಿಂದ ಬೀಳುವ ದೀಪ, ಮೂಗಿಗೆ ಮಾಸ್ಕ್. ಕಲ್ಲಿಗೆ ಆಗಾಗ ನೀರು ಸವರುತ್ತಿದ್ದೆ. ಒದ್ದೆಯಾದಾಗ ಚಿಪ್ಪು ಕಪ್ಪಗೆ, ಕಲ್ಲು ಬೂದುಬಣ್ಣಕ್ಕೆ ಬೇರೆಬೇರೆ ಕಾಣುತ್ತವೆ. ಕಾಣುವ ಬೆನ್ನಿನಿಂದ ಶುರುಮಾಡಿ, ನಡುವಿನ ದಿಂಡನ್ನು ಹಿಡಿದು ತಲೆಯ ಕಡೆ ಹೋದೆ.

ತಲೆ ಮೈಗೆ ಕೂಡಿಕೊಂಡೇ ಇತ್ತು. ಇದು ನನಗೆ ತುಂಬ ಸಂತೋಷ ಕೊಟ್ಟ ಸಂಗತಿ. ಟ್ರೈಲೋಬೈಟ್‌ಗಳು ಏಡಿಗಳ ಹಾಗೆ ಪೊರೆ ಬಿಡುತ್ತಿದ್ದವು, ಈ ಬಳಗದವು ಪೊರೆ ಬಿಡುವಾಗ ತಲೆಯ ಚಿಪ್ಪನ್ನೇ ಇಡಿಯಾಗಿ ಕಳಚುತ್ತಿದ್ದವು. ಹಾಗಾದರೆ ನನ್ನ ಕೈಯಲ್ಲಿದ್ದದ್ದು ಬಿಟ್ಟುಹೋದ ಪೊರೆಯಲ್ಲ, ಬಹುಶಃ ಜೀವಿಯೇ!

ಕಣ್ಣಿನ ಕೆಲಸವೇ ಬೇರೆ. ಉಬ್ಬಿದ ದಿಬ್ಬದ ಮೇಲೆ ದಪ್ಪ ಮಸೂರಗಳು ಸಾಲುಸಾಲಾಗಿ, ಒಂದಕ್ಕೊಂದು ತಾಗದಂತೆ ಜೋಳದ ಕಾಳಿನ ಹಾಗೆ ಕೂತಿರುತ್ತವೆ. ನಡುವಿನ ಸಂದಿಗಳಲ್ಲಿ ಕಲ್ಲು ತುಂಬಿರುತ್ತದೆ. ಮಸೂರವನ್ನು ಒತ್ತದೆ, ಸೂಜಿಯನ್ನು ಸಂದಿಯ ಉದ್ದಕ್ಕೇ ಎಳೆಯಬೇಕು. ಸುಸ್ತಾದ ಕೈಯಲ್ಲಿ ಇದನ್ನು ಮಾಡಲೇಬಾರದು. ಅಲುಗಾಡುವ ಚೂರಿಗೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಹಚ್ಚಿದೆ. ಬೇಕೆಂದಾಗ ಅಸಿಟೋನ್‌ನಿಂದಲೇ ತೆಗೆಯಬಹುದು. ಬಿಡಿಸಿದ ಮೇಲೆ ವಾರ್ನಿಶ್ ಹೊಡೆಯಬೇಡಿ, ಮಸೂರಗಳ ಅಂಚು ಮಸುಕಾಗುತ್ತದೆ.

ಎಡಗಣ್ಣನ್ನು ಕಲ್ಲಿನಲ್ಲೇ ಬಿಟ್ಟಿದ್ದೇನೆ. ಆ ಬದಿಯಲ್ಲಿ ಬಿರುಕೊಂದು ತಲೆಯ ಅಂಚಿನವರೆಗೂ ಓಡಿದೆ. ಆಸರೆಯ ಕಲ್ಲು ತೆಗೆದರೆ ಕೆನ್ನೆಯೇ ಕಳಚಿಬರುತ್ತದೆ.