ಕಡ್ಡಿ ಮೇಲೆ ಒಂದೇ ಹೆಣಿಗೆ ಇರಲಿ

ಸ್ವೆಟರಿನ ಬೆನ್ನು ಮುಗಿದಿದೆ, ಮುಂಭಾಗ ಅರ್ಧಕ್ಕೆ ನಿಂತಿದೆ. ಕಾಲುಚೀಲ ಒಂದೇ ಆಗಿದೆ, ಅದರ ಜೋಡಿಯ ಸುದ್ದಿಯೇ ಇಲ್ಲ. ಇಷ್ಟಾದರೂ ಕೈ ಹೋಗುವುದು ಹೊಸ ಉಲ್ಲನ್ ಉಂಡೆಯ ಕಡೆಗೇ. ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಹಳೆಯ ಹೆಣಿಗೆ ಬೇಜಾರಿನ ಜಾಗಕ್ಕೆ ಬಂದು ನಿಂತಾಗಲೇ ಹೊಸದರ ಚಪಲ ಹುಟ್ಟುತ್ತದೆ. ಆ ಜಾಗವನ್ನು ದಾಟಿಸುವುದು ಹೇಗೆ ಅಂತ ನೋಡೋಣ.

ಮೊದಲು ಎಲ್ಲವನ್ನೂ ಹೊರಗೆ ತೆಗೆಯಿರಿ

ಚೀಲ, ಕಪಾಟು, ಮಂಚದ ಕೆಳಗಿನ ಡಬ್ಬ, ಯಾವುದನ್ನೂ ಬಿಡಬೇಡಿ. ಎಲ್ಲವನ್ನೂ ನೆಲದ ಮೇಲೆ ಹರಡಿ. ಒಂದೊಂದನ್ನೂ ಕೈಗೆತ್ತಿಕೊಂಡು ಕೇಳಿಕೊಳ್ಳಿ: ಇದನ್ನು ಇವತ್ತು ಹೊಸದಾಗಿ ಶುರು ಮಾಡುತ್ತಿದ್ದೆನಾ? ಇಲ್ಲ ಅನ್ನಿಸಿದರೆ ಬಿಚ್ಚಿಬಿಡಿ. ಬಿಚ್ಚಿದ ನೂಲು ಗುಂಗುರು ಕೂದಲಿನ ಹಾಗೆ ಬರುತ್ತದೆ. ಅದನ್ನು ಲಡಿ ಮಾಡಿ, ಮೂರ್ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಟವಲಿನಲ್ಲಿ ಒತ್ತಿ ಒಣಹಾಕಿ. ಮತ್ತೆ ನೆಟ್ಟಗಾಗುತ್ತದೆ.

ಉಳಿದವುಗಳಲ್ಲಿ ಒಂದನ್ನು ಆರಿಸಿ. ತುಂಬಾ ಇಷ್ಟವಾದದ್ದೇ ಆಗಬೇಕಿಲ್ಲ, ಮುಗಿಯಲು ಎಲ್ಲಕ್ಕಿಂತ ಹತ್ತಿರ ಇರುವುದು ಒಳ್ಳೆಯದು.

ಮಿಕ್ಕವನ್ನು ಸರಿಯಾಗಿ ಮಲಗಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ಹೆಣಿಗೆಯನ್ನು ಕಡ್ಡಿ ಸಮೇತ ಚೀಲಕ್ಕೆ ತುರುಕಬೇಡಿ. ದಪ್ಪ ಸೂಜಿಗೆ ಬೇರೆ ಬಣ್ಣದ ನುಣುಪಾದ ಹತ್ತಿ ನೂಲು ಪೋಣಿಸಿ, ಕುಣಿಕೆಗಳನ್ನೆಲ್ಲ ಅದಕ್ಕೆ ದಾಟಿಸಿ, ಎರಡೂ ತುದಿ ಸೇರಿಸಿ ಗಂಟು ಹಾಕಿ. ಕಡ್ಡಿ ಬಿಡುವಾಗುತ್ತದೆ, ಕುಣಿಕೆಯೂ ಜಾರುವುದಿಲ್ಲ. ತಿಂಗಳುಗಟ್ಟಲೆ ಕಡ್ಡಿಯಲ್ಲೇ ಬಿಟ್ಟರೆ ಆ ಸಾಲು ಹಿಗ್ಗಿ, ಅಡ್ಡ ಗೆರೆ ಬಿದ್ದ ಹಾಗೆ ಕಾಣಬಹುದು.

ಜೊತೆಗೊಂದು ಚೀಟಿ ಇಡಿ. ಕಡ್ಡಿ ಎಷ್ಟು ಮಿಲಿಮೀಟರ್, ಎಷ್ಟನೇ ಸಾಲಿಗೆ ನಿಲ್ಲಿಸಿದ್ದು, ಮುಂದಿನ ಸಾಲು ನಿಟ್ಟೋ (ಸೀದಾ ಹೆಣಿಗೆ) ಪರ್ಲೋ (ಉಲ್ಟಾ ಹೆಣಿಗೆ), ಇಷ್ಟೂ ಅದರಲ್ಲಿರಲಿ. ಉಂಡೆಯ ಲೇಬಲ್ಲನ್ನೂ ಎಸೆಯಬೇಡಿ. ಅದರಲ್ಲಿ ಬಣ್ಣದ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು, ಇರುತ್ತದೆ. ಹೆಸರು ಒಂದೇ ಇದ್ದರೂ ಲಾಟ್ ಬದಲಾದರೆ ಬಣ್ಣ ಒಂಚೂರು ಬೇರೆ ಕಾಣುತ್ತದೆ.

ಚೀಟಿ ಬರೆಯದ ತಪ್ಪಿಗೆ ನಾನು ಒಂದು ತೋಳು ಕಳೆದುಕೊಂಡೆ. ಸ್ವೆಟರಿನ ಒಂದು ತೋಳು ಮುಗಿಸಿ ಎಂಟು ತಿಂಗಳು ಬಿಟ್ಟಿದ್ದೆ. ಎರಡನೆಯದನ್ನು ಕೈಗೆ ಸಿಕ್ಕ ಕಡ್ಡಿಯಲ್ಲಿ ಹೆಣೆದೆ. ಮೊದಲನೆಯದರಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂದಿತ್ತು, ಎರಡನೆಯದರಲ್ಲಿ 20. ಎರಡಕ್ಕೂ ಲೆಕ್ಕ 44 ಕುಣಿಕೆಯೇ. ಒಂದರ ಅಗಲ 20 ಸೆಂ.ಮೀ. ಆಯಿತು, ಇನ್ನೊಂದರದು 22. ಹಾಕಿಕೊಂಡರೆ ಒಂದು ತೋಳು ನನ್ನದು, ಇನ್ನೊಂದು ಅಣ್ಣನದು ಅನ್ನುವ ಹಾಗಿತ್ತು. ಪೂರ್ತಿ ಬಿಚ್ಚಿ ಮತ್ತೆ ಹೆಣೆಯಬೇಕಾಯಿತು.

ಬೇಜಾರಿನ ಜಾಗ ದಾಟುವುದು

ಉದ್ದಕ್ಕೂ ಒಂದೇ ಥರ ಹೋಗುವ ಭಾಗದಲ್ಲಿ ಎಷ್ಟು ಹೆಣೆದರೂ ಬೆಳೆದ ಹಾಗೇ ಕಾಣುವುದಿಲ್ಲ, ಅಲ್ವಾ? ಇವತ್ತು ಶುರು ಮಾಡಿದ ಸಾಲಿಗೆ ಒಂದು ಸೇಫ್ಟಿ ಪಿನ್ ಸಿಕ್ಕಿಸಿ. ಮಲಗುವ ಮುಂಚೆ ಪಿನ್ನಿನಿಂದ ಮೇಲಕ್ಕೆ ಎಷ್ಟಾಗಿದೆ ನೋಡಿ. ಎರಡೇ ಬೆರಳಿನಷ್ಟಾದರೂ ಕಣ್ಣಿಗೆ ಕಾಣುತ್ತದೆ.

ತೋಳು, ಕಾಲುಚೀಲದಂಥ ಜೋಡಿಗಳನ್ನು ಒಟ್ಟಿಗೇ ಹೆಣೆಯಿರಿ. ಉದ್ದದ ಸರ್ಕ್ಯುಲರ್ ಕಡ್ಡಿ (ಬಾಗುವ ತಂತಿಯಿಂದ ಜೋಡಿಸಿದ ಎರಡು ಕಡ್ಡಿ) ಒಂದಿದ್ದರೆ ಸಾಕು. ತೋಳುಗಳಾದರೆ ಎರಡನ್ನೂ ಅಕ್ಕಪಕ್ಕ ಹಾಕಿ, ಎರಡು ಉಂಡೆಯಿಂದ ನೂಲು ಎಳೆದುಕೊಳ್ಳಿ. 100 ಗ್ರಾಂ ಉಂಡೆ ಒಂದೇ ಇದ್ದರೆ ತೂಕ ಮಾಡಿ 50-50 ಆಗಿ ಸುತ್ತಿಕೊಳ್ಳಿ. ಮೊದಮೊದಲು ನೂಲುಗಳು ಒಂದಕ್ಕೊಂದು ಸಿಕ್ಕಿಕೊಂಡು ತಲೆ ಕೆಡಿಸುತ್ತವೆ. ಸಾಲು ಮುಗಿದಾಗ ಪ್ರತಿ ಸಲವೂ ಒಂದೇ ಕಡೆಗೆ ತಿರುಗಿಸಿದರೆ ಗೋಜಲಾಗುತ್ತದೆ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ.

ಇನ್ನು ನೂಲಿನ ತುದಿಗಳು. ಕೊನೆಗೆ ನೋಡೋಣ ಅಂತ ಬಿಟ್ಟರೆ ನಲವತ್ತು ತುದಿ ಜೋತಾಡುತ್ತಿರುತ್ತವೆ. ಹೊಸ ಉಂಡೆ ಸೇರಿಸಿದ ದಿನವೇ ಸೂಜಿಯಿಂದ ಒಳಗೆ ಸೇರಿಸಿ ಮುಗಿಸಿ.

ಆದರೂ ಹೊಸದು ಕರೆದರೆ?

15 ಸೆಂ.ಮೀ. ಚೌಕದ ಮಾದರಿ ತುಂಡು ಹೆಣೆಯಿರಿ, ಅದಕ್ಕಿಂತ ಜಾಸ್ತಿ ಬೇಡ. ಒಗೆದು ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ ಬಂದಿದೆ ಎಣಿಸಿ ಬರೆದಿಡಿ. ಎಷ್ಟೋ ಸಲ ಆ ತುಂಡಿನಲ್ಲೇ ಚಪಲ ತೀರುತ್ತದೆ. ತೀರದಿದ್ದರೂ ನಷ್ಟವಿಲ್ಲ, ಮುಂದೆ ಬೇಕಾಗುವ ಅಳತೆ ಸಿಕ್ಕಿತಲ್ಲ.

ಹಾಗಂತ ಹಟ ಹಿಡಿಯಬೇಡಿ. ದೊಡ್ಡ ಕಂಬಳಿ ಹೆಣೆಯುವವರು ಅದನ್ನು ಹೊತ್ತುಕೊಂಡು ಓಡಾಡಲು ಆಗುವುದಿಲ್ಲ. ಅವರ ಕೈಚೀಲದಲ್ಲಿ ಒಂದು ಟೋಪಿ ಇದ್ದರೆ ನಾನಂತೂ ತಪ್ಪು ಅನ್ನುವುದಿಲ್ಲ.

ಹೊಸದಕ್ಕೆ ಕುಣಿಕೆ ಹಾಕುವ ಮುಂಚೆ ಹಳೆಯದಕ್ಕೆ ಗುಂಡಿ ಹೊಲಿದಾಗಿದೆಯಾ ನೋಡಿಕೊಳ್ಳಿ. ನನ್ನ ನೀಲಿ ಕಾರ್ಡಿಗನ್ನಿಗೆ ಐದು ಗುಂಡಿ ಬೇಕಿತ್ತು. ಈಗಲೂ ನಾಲ್ಕೇ ಇವೆ.